ಹತ್ತು ವರ್ಷಕ್ಕೇ ಬಿಟ್ಟಿದ್ದರೆ ತಿಮ್ಮಯ್ಯ?

ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯ ರಸ್ತೆ ಎಂಬ ಇನ್ನೊಂದು ಹೆಸರೂ ಇದೆ. ಆಟೊದವರಿಗೆ ಆ ಹೆಸರು ಹೇಳಿ ನೋಡಿ, ತಟ್ಟನೆ ಹೊಳೆದರೆ ನಿಮ್ಮ ಪುಣ್ಯ. ಕೊಡಗಿನಲ್ಲಿ ಅವರು ಮನೆಮಾತು. ನಮ್ಮ ಪೀಣ್ಯ, ದಾಸರಹಳ್ಳಿ ಕಡೆಯ ಹುಡುಗರಿಗೆ ಮಾತ್ರ ಸಾಮಾನ್ಯ ಜ್ಞಾನದ ಪುಸ್ತಕದ ಒಂದು ಸಾಲು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕಾರ್ಯಪ್ಪ ಮೊದಲೋ ತಿಮ್ಮಯ್ಯ ಮೊದಲೋ ಎಂದು ತಡವರಿಸುವುದೂ ಉಂಟು. ಕಾರ್ಯಪ್ಪ ಸೇನೆಯ ಮುಖ್ಯಸ್ಥರಾಗಿದ್ದು 1949ರಲ್ಲಿ, ತಿಮ್ಮಯ್ಯ 1957ರಲ್ಲಿ.

ನಾನು ಅವರ ಬದುಕನ್ನು ಓದಲು ಶುರು ಮಾಡಿದ್ದು ಪರೀಕ್ಷೆಗಾಗಿ ಅಲ್ಲ. ನನಗೀಗ ಇಪ್ಪತ್ತು. ಮೆಕ್ಯಾನಿಕಲ್ ಬಿಇ, ಆರನೇ ಸೆಮಿಸ್ಟರ್. ಮುಂದಿನ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಪ್ಲೇಸ್‌ಮೆಂಟ್ ಆರಂಭ. ಗೆಳೆಯರೆಲ್ಲ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪ್ಯಾಕೇಜ್ ಲೆಕ್ಕದಲ್ಲಿದ್ದಾರೆ. ಎನ್‌ಸಿಸಿಯಲ್ಲಿ ಮೂರು ವರ್ಷ ಬೆವರು ಸುರಿಸಿದ ನನಗೆ ಇನ್ನೊಂದು ಲೆಕ್ಕವೂ ಇದೆ. ಎಂಜಿನಿಯರಿಂಗ್ ಓದಿದವರು ಭೂಸೇನೆಗೆ ಅಧಿಕಾರಿಯಾಗಿ ಸೇರಲು ಮುಖ್ಯವಾಗಿ ಎರಡು ದಾರಿ. ಒಂದು, ಟಿಜಿಸಿ. ಅಲ್ಲಿ ಆಯ್ಕೆಯಾದರೆ ಡೆಹ್ರಾಡೂನ್‌ನಲ್ಲಿ ತರಬೇತಿ, ನೇರವಾಗಿ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ. ಇನ್ನೊಂದು, ಶಾರ್ಟ್ ಸರ್ವಿಸ್. ಹತ್ತು ವರ್ಷ ದುಡಿದ ಮೇಲೆ ಕಾಯಂ ಆಗಲು ಕೇಳಿಕೊಳ್ಳಬಹುದು, ನಾಲ್ಕು ವರ್ಷ ಮುಂದುವರಿಯಬಹುದು, ಇಲ್ಲವೇ ಹೊರಬರಬಹುದು. ಹೊರಬಂದರೆ ಪಿಂಚಣಿ ಇಲ್ಲ. ಅಧಿಕಾರಿಗೆ ಪಿಂಚಣಿ ಸಿಗಬೇಕಾದರೆ 20 ವರ್ಷ ಸೇವೆ ಆಗಿರಬೇಕು.

ಸೇನೆಗೆ ಹೋಗಬೇಕೇ ಎಂಬ ಪ್ರಶ್ನೆ ನನ್ನಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಎಷ್ಟು ವರ್ಷಕ್ಕೆ ಎಂಬುದೇ ನಿದ್ದೆಗೆಡಿಸಿದ್ದು. ಮನೆಯಲ್ಲಿ ಇದಕ್ಕೆ ಮೂರು ಉತ್ತರಗಳಿವೆ. ಪೀಣ್ಯ ಎರಡನೇ ಹಂತದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಪ್ಪತ್ತೈದು ವರ್ಷದಿಂದ ಲೇತ್ ಮೇಲೆ ನಿಂತಿರುವ ಅಪ್ಪನ ಪ್ರಕಾರ, ಹಿಡಿದ ಕೆಲಸ ಬಿಡಬಾರದು. ಅಮ್ಮನ ಪ್ರಕಾರ ಆ ಕೆಲಸ ಹಿಡಿಯುವುದೇ ಬೇಡ. ಮೂರನೆಯವರು ಸೋದರಮಾವ. ಜವಾನರಾಗಿ ಸೇರಿ ಹದಿನೇಳು ವರ್ಷ ಸೇವೆ ಮುಗಿಸಿ, ಹವಾಲ್ದಾರ್ ಆಗಿ ನಿವೃತ್ತರಾದವರು. ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಟೆಕ್ ಪಾರ್ಕಿನ ಗೇಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್. ನನ್ನ ವಯಸ್ಸಿನ ಹುಡುಗರ ಐಡಿ ಕಾರ್ಡ್ ನೋಡಿ ಒಳಗೆ ಬಿಡುತ್ತಾರೆ. ಪಿಂಚಣಿ ಬರುತ್ತದೆ, ಮಕ್ಕಳ ಓದಿಗೆ ಅದು ಸಾಲದು. ಅಮ್ಮ ಬೆರಳು ತೋರಿಸುವುದು ತಮ್ಮನ ಕಡೆಗೇ. ಮಾವ ಮಾತ್ರ ಸೇನೆಯ ಬಗ್ಗೆ ಒಂದು ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿಲ್ಲ. ತಿಮ್ಮಯ್ಯನವರ ಬಗ್ಗೆ ಓದು ಎಂದವರೂ ಅವರೇ. ತಿಮ್ಮಯ್ಯ ಎರಡು ಸಲ ಬಿಟ್ಟು ಹೋಗಲು ಹೊರಟಿದ್ದರಂತೆ, ಅದನ್ನು ಓದು ಎಂದರು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಕಾಫಿ ತೋಟದ ಅನುಕೂಲಸ್ಥ ಮನೆತನ. ಎಂಟನೇ ವಯಸ್ಸಿಗೆ ಕೂನೂರಿನ ಸೇಂಟ್ ಜೋಸೆಫ್ಸ್ ಶಾಲೆ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್. (ಆ ಶಾಲೆಯಿಂದ ಈಗಿನ ಅವರದೇ ಹೆಸರಿನ ರಸ್ತೆ ಕೂಗಳತೆಯ ದೂರ.) ಅಲ್ಲಿಂದ ಡೆಹ್ರಾಡೂನ್‌ನ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ಆಗ ಆಯ್ಕೆಯಾದ ಭಾರತೀಯರು ಆರೇ ಮಂದಿ. ಅವರಲ್ಲಿ ಇವರೊಬ್ಬರು. ಸ್ಯಾಂಡ್‌ಹರ್ಸ್ಟ್ ಓದಿನ ಖರ್ಚನ್ನು ಮನೆಯವರೇ ಭರಿಸಬೇಕಿತ್ತು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ವೀರರ ಕತೆ ಹೇಳುವಾಗ ತೋಟದ ಮಾತು ಬಿಟ್ಟುಬಿಡುತ್ತೇವೆ. ಬೇಸರವಾದ ದಿನ ಅವರಿಗೆ ಮರಳಲು ಒಂದು ತೋಟವಿತ್ತು. ನನಗಿರುವುದು ಶಿಕ್ಷಣ ಸಾಲ.

1926ರ ಫೆಬ್ರುವರಿಯಲ್ಲಿ ಕಮಿಷನ್ ಸಿಕ್ಕಿತು. ಆಗ ಅವರಿಗೂ ನನ್ನ ವಯಸ್ಸೇ, ಇಪ್ಪತ್ತು ತುಂಬಲು ತಿಂಗಳಿತ್ತು. ಮೊದಲು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಬ್ರಿಟಿಷ್ ಪಡೆಯ ಜೊತೆ ಕಲಿಕೆ. 1927ರಲ್ಲಿ ಹತ್ತೊಂಬತ್ತನೇ ಹೈದರಾಬಾದ್ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್. ಹೆಸರು ಹೈದರಾಬಾದ್ ಎಂದಿದ್ದರೂ ಅದು ಇಂದಿನ ಕುಮಾವೂ ರೆಜಿಮೆಂಟ್.

ಆ ಬೆಟಾಲಿಯನ್‌ಗೆ ಕಳಿಸಿದ್ದರ ಹಿಂದೆ ಒಂದು ಲೆಕ್ಕಾಚಾರವಿತ್ತು. 1923ರಲ್ಲಿ ಬ್ರಿಟಿಷ್ ಸರ್ಕಾರ ಎಂಟು ಪಡೆಗಳನ್ನು ಗುರುತಿಸಿ, ಭಾರತೀಯ ಅಧಿಕಾರಿಗಳನ್ನು ಅವುಗಳಿಗೇ ಹಾಕುವುದೆಂದು ತೀರ್ಮಾನಿಸಿತ್ತು. ನೋಡಲು ಇದು ಸೇನೆಯ ಭಾರತೀಕರಣ. ಒಳಗಿನ ಉದ್ದೇಶ, ಬ್ರಿಟಿಷ್ ಅಧಿಕಾರಿಯೊಬ್ಬ ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗವೇ ಬರದಂತೆ ನೋಡಿಕೊಳ್ಳುವುದು. ಅದರ ಮೇಲೆ ಹಲವು ಕ್ಲಬ್ಬುಗಳಲ್ಲಿ ಭಾರತೀಯರಿಗೆ ಪ್ರವೇಶವಿಲ್ಲ. ಅದೇ ಸಮವಸ್ತ್ರ, ಅದೇ ರಾಜನ ಹೆಸರಿನ ಕಮಿಷನ್, ಆದರೆ ಬಾಗಿಲು ಬೇರೆ.

ಬೆಟಾಲಿಯನ್ ಅಲಹಾಬಾದಿಗೆ ಬಂದಾಗ ವಿಷಯ ಬಿಗಡಾಯಿಸಿತು. 1920ರ ದಶಕದ ಕೊನೆ. ಸ್ವಾತಂತ್ರ್ಯ ಚಳವಳಿಯ ಮನೆಯೆಂದರೆ ಆ ಊರಿನ ಆನಂದ ಭವನ. ಬೀದಿಯಲ್ಲಿ ತಮ್ಮದೇ ವಯಸ್ಸಿನ ಹುಡುಗರು ಜೈಲಿಗೆ ಹೋಗುತ್ತಿದ್ದಾರೆ. ತಾವು ಅವರನ್ನು ಹಿಡಿಯುವ ಸರ್ಕಾರದ ಸಂಬಳಗಾರರು. ತಿಮ್ಮಯ್ಯನವರಿಗೆ ಮೋತಿಲಾಲ್ ನೆಹರೂ ಅವರ ಪರಿಚಯವಾಯಿತು, ಅದು ಸ್ನೇಹಕ್ಕೆ ತಿರುಗಿತು. ಕೆಲವು ಭಾರತೀಯ ಅಧಿಕಾರಿಗಳು ರಾಜೀನಾಮೆ ಕೊಟ್ಟು ಚಳವಳಿಗೆ ಧುಮುಕುವ ಯೋಚನೆ ಮಾಡಿ, ಆ ಹಿರಿಯರ ಮುಂದಿಟ್ಟರು. ಮೆಚ್ಚುಗೆ ಸಿಗುತ್ತದೆ ಎಂದುಕೊಂಡೇ ಹೋಗಿರಬೇಕು. ಆದರೆ ಮೋತಿಲಾಲ್ ಬೇಡವೆಂದರು. ಸ್ವಾತಂತ್ರ್ಯ ಬಂದೇ ಬರುತ್ತದೆ, ಬಂದ ಮರುದಿನ ದೇಶಕ್ಕೆ ತನ್ನದೇ ಸೇನೆ ಬೇಕು, ಅದನ್ನು ನಡೆಸಲು ಪಳಗಿದ ಅಧಿಕಾರಿಗಳು ಬೇಕು, ಅವರನ್ನು ರಾತ್ರೋರಾತ್ರಿ ತಯಾರಿಸಲಾಗದು ಎಂಬುದು ಅವರ ವಾದದ ತಿರುಳು. ತಿಮ್ಮಯ್ಯ ಉಳಿದರು.

ಈ ಪ್ರಸಂಗ ಓದಿ ಎರಡು ದಿನ ಬೇರೇನೂ ಓದಲಾಗಲಿಲ್ಲ. ಚಳವಳಿಯ ನಾಯಕರೊಬ್ಬರು ಬ್ರಿಟಿಷರ ಕೆಲಸದಲ್ಲಿರು ಎಂದು ಹೇಳುವುದು, ಅದನ್ನು ಕೇಳಿ ಒಬ್ಬ ಯುವಕ ತನಗೆ ಹಿಡಿಸದ ಯಜಮಾನನ ಕೈಕೆಳಗೆ ಮುಂದುವರಿಯುವುದು, ಎರಡೂ ಸುಲಭವಲ್ಲ. ಇನ್ನೊಂದು ದಾರಿ ಹಿಡಿದವರೂ ಅದೇ ಮನೆಯಲ್ಲಿದ್ದರು. ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಮುಂದೆ ಸುಭಾಷ್‌ಚಂದ್ರ ಬೋಸರ ಐಎನ್‌ಎ ಸೇರಿದರು. ತಮ್ಮ ಸೋಮಯ್ಯ ಸೇನೆಯಲ್ಲೇ ಇದ್ದು 1947–48ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ನೆಲಬಾಂಬಿಗೆ ಬಲಿಯಾದರು. ಮೂವರೂ ಅಧಿಕಾರಿಗಳು, ಒಂದೇ ತಾಯಿಯ ಮಕ್ಕಳು. ಅಮ್ಮನಿಗೆ ಈ ಕತೆ ಹೇಳುವಾಗ ಸೋಮಯ್ಯನವರನ್ನು ಬಿಟ್ಟು ಹೇಳಬಹುದಿತ್ತು. ಹೇಳಿಯೇ ಬಿಟ್ಟೆ. ಅಮ್ಮ ಎದ್ದು ಒಳಗೆ ಹೋದರು.

ಉಳಿದ ಮೇಲಾದರೂ ದೊಡ್ಡದೇನೋ ಆಯಿತೇ ಎಂದರೆ, ಬಹಳ ಕಾಲ ಏನೂ ಆಗಲಿಲ್ಲ. ವಾಯವ್ಯ ಗಡಿಯಲ್ಲಿ ಸೇವೆ, ಬೆಟಾಲಿಯನ್‌ನ ಅಜುಟಂಟ್ ಕೆಲಸ, ಕವಾಯತು, ಕಡತ. 1935ರ ಜನವರಿಯಲ್ಲಿ ನೀನಾ ಕಾರ್ಯಪ್ಪ ಅವರೊಂದಿಗೆ ಮದುವೆ. (ಹೆಸರು ನೋಡಿ ಮೋಸಹೋಗಬೇಡಿ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗಳಲ್ಲ.) ಅದೇ ವರ್ಷ ಮೇ ಕೊನೆಯ ರಾತ್ರಿ ಕ್ವೆಟ್ಟಾ ನಗರ ಭೂಕಂಪಕ್ಕೆ ನೆಲಸಮವಾದಾಗ ಈ ದಂಪತಿ ಅಲ್ಲಿದ್ದರು. ಗಾಯಾಳುಗಳ ಸೇವೆಗೆ ನೀನಾ ಅವರಿಗೆ ಕೈಸರ್-ಇ-ಹಿಂದ್ ಪದಕ ಬಂತು. ಮರುವರ್ಷ ಮಗಳು ಹುಟ್ಟಿದಳು. 1936ರ ಏಪ್ರಿಲ್‌ನಲ್ಲಿ ತಿಮ್ಮಯ್ಯನವರನ್ನು ಮದ್ರಾಸಿಗೆ ಕಳಿಸಿದರು. ಅಲ್ಲಿನ ಕೆಲಸ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಸೈನಿಕ ತರಬೇತಿ ಕೊಡುವ ಪಡೆಯ ಅಜುಟಂಟ್. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ನಮ್ಮ ಎನ್‌ಸಿಸಿಗೆ ಬರುವ ಸೇನಾಧಿಕಾರಿಯ ಕೆಲಸ.

1926ರಿಂದ 1936. ಹತ್ತು ವರ್ಷ.

ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಈ ಎರಡು ಇಸವಿ ಬರೆದುಕೊಂಡೆ. (ಪುಸ್ತಕ ಗ್ರಂಥಾಲಯದ್ದು, ಅಳಿಸಿಯೇ ಕೊಟ್ಟೆ.) ತಿಮ್ಮಯ್ಯನವರದು ಶಾರ್ಟ್ ಸರ್ವಿಸ್ ಆಗಿದ್ದರೆ ಮುಂದುವರಿಯುವುದೋ ಬಿಡುವುದೋ ಎಂದು ನಿರ್ಧರಿಸಬೇಕಾಗಿದ್ದು ಮದ್ರಾಸಿನಲ್ಲಿ, ಕಾಲೇಜು ಹುಡುಗರಿಗೆ ಕವಾಯತು ಕಲಿಸುತ್ತಾ. ಮೂವತ್ತು ವರ್ಷ ವಯಸ್ಸು, ಕೈಯಲ್ಲಿ ಕೂಸು, ಬೆನ್ನ ಹಿಂದೆ ತೋಟ. ನಾವು ಅವರನ್ನು ಯಾವುದಕ್ಕಾಗಿ ನೆನೆಯುತ್ತೇವೋ ಅದರಲ್ಲಿ ಒಂದೂ ಅಷ್ಟರೊಳಗೆ ನಡೆದಿರಲಿಲ್ಲ. ಆ ದಿನ ಅವರು ಕೆಲಸ ಬಿಟ್ಟು ಕೊಡಗಿಗೆ ಹೋಗಿದ್ದರೆ ಯಾವ ರಸ್ತೆಗೂ ಅವರ ಹೆಸರಿರುತ್ತಿರಲಿಲ್ಲ.

ನಾಲ್ಕು ವರ್ಷದ ವಿಸ್ತರಣೆ ಸೇರಿಸಿದರೂ 1940. ಆಗ ಅವರು ಸಿಂಗಪುರದಲ್ಲಿ ಅದೇ ಬೆಟಾಲಿಯನ್ ಜೊತೆಗಿದ್ದರು. ಅಲ್ಲಿಂದ ತಾವೇ ಕೇಳಿಕೊಂಡು 1941ರ ಆರಂಭದಲ್ಲಿ ಭಾರತಕ್ಕೆ ವರ್ಗವಾಗಿ ಬಂದರು. 1942ರ ಫೆಬ್ರುವರಿ 15ಕ್ಕೆ ಸಿಂಗಪುರ ಜಪಾನೀಯರ ವಶವಾಯಿತು. ಬಿಟ್ಟುಬಂದ ಬೆಟಾಲಿಯನ್ ಸೆರೆಯಾಯಿತು. ಒಂದು ವರ್ಗಾವಣೆ ಅರ್ಜಿಯಿಂದ ಬದುಕು ಹೀಗೆ ಕವಲೊಡೆದದ್ದನ್ನು ಶೌರ್ಯ ಎನ್ನಲಾಗದು, ಬುದ್ಧಿವಂತಿಕೆ ಎನ್ನಲೂ ಆಗದು. ವೃತ್ತಿ ಮಾರ್ಗದರ್ಶನದ ಉಪನ್ಯಾಸಗಳಲ್ಲಿ ಅದೃಷ್ಟದ ಮಾತೇ ಬರುವುದಿಲ್ಲ. ತಿಮ್ಮಯ್ಯನವರ ಬದುಕಿನಲ್ಲಿ ಅದಕ್ಕೊಂದು ತಾರೀಖೇ ಇದೆ.

ಆಮೇಲಿನದು ಓಡುವ ಕತೆ. ಕ್ವೆಟ್ಟಾದ ಸ್ಟಾಫ್ ಕಾಲೇಜು, ಬರ್ಮಾದ ಅರಾಕಾನ್ ರಣರಂಗ. 1945ರ ಜನವರಿಯ ಕಾಂಗಾ ಕದನದಲ್ಲಿ ಒಂದೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ತೊರಾಟ್, ಎಲ್.ಪಿ. ಸೇನ್. ಭಾರತೀಯರು ಹಿಂಜರಿಯುತ್ತಾರೆ, ದೊಡ್ಡ ಹೊಣೆ ಹೊರಲಾರರು ಎಂಬ ಹಳೆಯ ಮಾತು ಆ ಕೆಸರಿನಲ್ಲಿ ಹೂತುಹೋಯಿತು. ಮೂವರಿಗೂ ಡಿಎಸ್‌ಒ ಪದಕ. ಅದರ ಬೆನ್ನಿಗೇ ತಿಮ್ಮಯ್ಯ 36ನೇ ಬ್ರಿಗೇಡಿನ ಮುಖ್ಯಸ್ಥರಾದರು. ಎರಡನೇ ಮಹಾಯುದ್ಧದಲ್ಲಿ ಕಾಲಾಳು ಬ್ರಿಗೇಡೊಂದನ್ನು ರಣರಂಗದಲ್ಲಿ ಮುನ್ನಡೆಸಿದ ಏಕೈಕ ಭಾರತೀಯ. ಎಂಟು ಪಡೆಗಳ ಯೋಜನೆ ಯಾವುದನ್ನು ತಪ್ಪಿಸಲು ಹೊರಟಿತ್ತೋ ಅದೇ ಆಯಿತು. 1945ರ ಸೆಪ್ಟೆಂಬರ್‌ನಲ್ಲಿ ಸಿಂಗಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪ್ರತಿನಿಧಿಯಾಗಿ ಅಲ್ಲಿದ್ದವರೂ ಇವರೇ. ನಂತರ ಸೋತ ಜಪಾನಿನಲ್ಲಿ ಭಾರತೀಯ ಬ್ರಿಗೇಡಿನ ನೇತೃತ್ವ. 1947ರಲ್ಲಿ ಹೊತ್ತಿ ಉರಿಯುತ್ತಿದ್ದ ಪಂಜಾಬಿನಲ್ಲಿ ನಿರಾಶ್ರಿತರನ್ನು ಗಡಿ ದಾಟಿಸುವ ಹೊಣೆ. ಆ ಗಡಿಪಡೆಗೆ ಪಾಕಿಸ್ತಾನದ ಕಡೆಯಿಂದ ಬಂದ ಸಲಹೆಗಾರರಲ್ಲಿ ಒಬ್ಬರು ಮುಂದೆ ಆ ದೇಶದ ಅಧ್ಯಕ್ಷರಾದ ಅಯೂಬ್ ಖಾನ್.

1948 ಮಾತ್ರ ನಿಂತು ನೋಡಬೇಕಾದ ವರ್ಷ, ಅದರಲ್ಲೂ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ತಿಮ್ಮಯ್ಯ ಆಗ ಮೇಜರ್ ಜನರಲ್, ಕಾಶ್ಮೀರದ ಹೊಣೆ. ಲಡಾಖ್ ಕೈತಪ್ಪುವ ಸ್ಥಿತಿ. ರಸ್ತೆ ಇಲ್ಲ, ಇರುವ ಕಣಿವೆ ದಾರಿ ವೈರಿಯ ಹಿಡಿತಕ್ಕೆ ಸಿಗುವ ಹಂತದಲ್ಲಿದೆ. ಲೇಹ್‌ನಲ್ಲಿ ಸೋನಂ ನೊರ್ಬು ಎಂಬ ಲಡಾಖಿ ಎಂಜಿನಿಯರ್ ಸ್ಥಳೀಯರನ್ನು ಕಟ್ಟಿಕೊಂಡು ಕೆಲವೇ ವಾರಗಳಲ್ಲಿ ಮರಳು ನೆಲವನ್ನು ವಿಮಾನ ಇಳಿಯುವಂತೆ ಸಮ ಮಾಡಿದರು. ಎತ್ತರ 10 ಸಾವಿರ ಅಡಿಗೂ ಹೆಚ್ಚು. ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಅಲ್ಲಿ ಡಕೋಟಾ ವಿಮಾನ ಇಳಿಸಿದರು. ಹಿಮಾಲಯದ ಸಾಲು ದಾಟಿ, ಅದುವರೆಗೆ ಯಾರೂ ಹಾರದ ದಾರಿಯಲ್ಲಿ, ಅಂಥ ಎತ್ತರಕ್ಕೆ ತಕ್ಕುದಲ್ಲದ ವಿಮಾನದಲ್ಲಿ. ಪ್ರಯಾಣಿಕರ ಸೀಟಿನಲ್ಲಿ ತಿಮ್ಮಯ್ಯ. ಇಳಿಯಬಹುದೋ ಇಲ್ಲವೋ ಎಂದು ಬೇರೆಯವರನ್ನು ಕಳಿಸಿ ನೋಡಬಹುದಿತ್ತು, ತಾವೇ ಹೋದರು.

ಶರತ್ಕಾಲಕ್ಕೆ ಜೋಜಿ ಲಾ ಕಣಿವೆ ವೈರಿಯ ಕೈಯಲ್ಲಿತ್ತು. ಅದು ಬಿಡುಗಡೆಯಾಗದಿದ್ದರೆ ಚಳಿಗಾಲದಲ್ಲಿ ಲಡಾಖ್ ಒಂಟಿ. ಕಾಲಾಳುಗಳ ದಾಳಿ ವಿಫಲವಾಗಿತ್ತು. ಆಗ ತಿಮ್ಮಯ್ಯ ಅಷ್ಟು ಎತ್ತರಕ್ಕೆ ಟ್ಯಾಂಕ್ ಹತ್ತಿಸುವ ನಿರ್ಧಾರ ಮಾಡಿದರು. ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳ ಮೇಲಿನ ಗೋಪುರ ಬಿಚ್ಚಿ, ಬಟ್ಟೆ ಹೊದಿಸಿ ಗುಟ್ಟಾಗಿ ಸಾಗಿಸಿದರು. ಸೇತುವೆಗಳು ಭಾರ ತಾಳಬೇಕಲ್ಲ, ಗೂಢಚಾರರ ಕಣ್ಣೂ ತಪ್ಪಬೇಕು. ಬಾಲ್ತಾಲ್‌ನಿಂದ ಮೇಲೆ ಇದ್ದದ್ದು ಹೇಸರಗತ್ತೆಯ ಹಾದಿ. ಅದನ್ನು ಕಡಿದು, ಸಿಡಿಸಿ, ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಅಂದರೆ ನಮ್ಮ ಹಲಸೂರು ಕೆರೆಯ ಪಕ್ಕದ ಎಂಇಜಿ ಕೇಂದ್ರದವರು. ನವೆಂಬರ್ 1ರಂದು ಹಿಮದ ನಡುವೆ ಸುಮಾರು 11,500 ಅಡಿ ಎತ್ತರದಲ್ಲಿ ಟ್ಯಾಂಕ್ ಕಾಣಿಸಿಕೊಂಡಾಗ ಎದುರಾಳಿಗಳಿಗೆ ನಂಬಲಾಗಲಿಲ್ಲ. ಮುಂಚೂಣಿಯ ಟ್ಯಾಂಕಿನಲ್ಲಿ ಮೇಜರ್ ಜನರಲ್ ತಿಮ್ಮಯ್ಯನವರೇ ಇದ್ದರು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಮರಳಿ ಬಂದವು.

ಇದನ್ನು ಓದುವಾಗ ಅಪ್ಪನಿಗೆ ಗೋಪುರ ಬಿಚ್ಚಿದ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ: ಅಷ್ಟು ಚಳಿಯಲ್ಲಿ ಮರಳಿ ಜೋಡಿಸುವಾಗ ಬೋಲ್ಟ್‌ಗಳು ಸರಿಯಾಗಿ ಕೂತವೇ? ಸೇನೆಯಲ್ಲಿ ಎಂಜಿನಿಯರ್‌ಗೆ ಏನು ಕೆಲಸ ಎಂದು ಅವರಿಗೆ ವಿವರಿಸುವ ಅಗತ್ಯ ಆಮೇಲೆ ಬೀಳಲಿಲ್ಲ.

ಕೊರಿಯಾದ ಅಧ್ಯಾಯವನ್ನು ನಮ್ಮ ಪಠ್ಯಗಳು ಮರೆತಂತಿವೆ. 1953ರಲ್ಲಿ ಅಲ್ಲಿ ಕದನವಿರಾಮವಾದಾಗ ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳಿದ್ದರು. ಅವರ ವಿಚಾರ ಇತ್ಯರ್ಥ ಮಾಡಲು ಐದು ತಟಸ್ಥ ದೇಶಗಳ ಆಯೋಗ, ಅದರ ಅಧ್ಯಕ್ಷರು ತಿಮ್ಮಯ್ಯ. ಕಾವಲಿಗೆ ತೊರಾಟ್ ಅವರ ಕೈಕೆಳಗಿನ ಭಾರತೀಯ ಪಡೆ. ಹೋಗುವೆಯೋ ಉಳಿಯುವೆಯೋ ಎಂದು ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಬೇಕಿತ್ತು, ಶಿಬಿರದ ಒಳಗಿನ ಮುಖಂಡರ ಬೆದರಿಕೆಯ ನಡುವೆ. ಎರಡೂ ಬಣಗಳು ಭಾರತವನ್ನು ದೂರಿದವು. ಗುಂಡು ಹಾರಿಸಿ ಮುಗಿಸುವ ಕೆಲಸವಲ್ಲ, ತಾಳ್ಮೆಯ ಕೆಲಸ. ಅದನ್ನು ಮುಗಿಸಿ ಬಂದಾಗ 1954ರಲ್ಲಿ ಪದ್ಮಭೂಷಣ.

1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥ. ಮಾವ ಹೇಳಿದ ಎರಡನೇ ಸಲ ಬಂದದ್ದು ಇಲ್ಲಿ. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರಿಗೂ ತಿಮ್ಮಯ್ಯನವರಿಗೂ ಸರಿಹೋಗಲಿಲ್ಲ. ಬಡ್ತಿಗಳ ವಿಚಾರದಲ್ಲಿ ಸಚಿವರ ಕೈವಾಡ, ಚೀನಾ ಗಡಿಯ ಸಿದ್ಧತೆ ಬಗ್ಗೆ ಸೇನೆಯ ಮಾತಿಗೆ ಸಿಗದ ಬೆಲೆ, ಹೀಗೆ ಕಾರಣಗಳು ಕೂಡಿಕೊಂಡವು. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಕರೆಸಿ ಮಾತಾಡಿ ಮನವೊಲಿಸಿದರು, ರಾಜೀನಾಮೆ ವಾಪಸಾಯಿತು. ಅಷ್ಟರಲ್ಲಿ ಸುದ್ದಿ ಪತ್ರಿಕೆಗಳಿಗೆ ಸಿಕ್ಕಿತ್ತು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ನೆಹರೂ, ಚುನಾಯಿತ ಸರ್ಕಾರದ ಮಾತೇ ಅಂತಿಮ ಎನ್ನುತ್ತಾ ತಿಮ್ಮಯ್ಯನವರ ನಡೆಯನ್ನು ಹಗುರವಾಗಿ ಕಂಡರು. ಮೂವತ್ತು ವರ್ಷ ಹಿಂದೆ ಇರು ಎಂದು ಹೇಳಿದವರು ಅಪ್ಪ. ಈಗ ಇರು ಎಂದು ಹೇಳಿದವರು ಮಗ.

ಈ ಎರಡನೇ ಸಲ ಉಳಿದದ್ದು ನನಗೆ ಅಷ್ಟು ಹಿಡಿಸಲಿಲ್ಲ. ಅಲಹಾಬಾದಿನಲ್ಲಿ ಉಳಿದಾಗ ಮುಂದೊಂದು ಕೆಲಸ ಕಾಯುತ್ತಿತ್ತು. 1959ರಲ್ಲಿ ಉಳಿದಾಗ, ಕೊಟ್ಟ ರಾಜೀನಾಮೆಯ ತೂಕವೂ ಹೋಯಿತು, ಸಚಿವರೂ ಅಲ್ಲೇ ಉಳಿದರು. ಸರ್ಕಾರದ ಮಾತು ಮೇಲಿರಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ನಮ್ಮ ಸುತ್ತಲಿನ ದೇಶಗಳನ್ನು ನೋಡಿದರೆ ಆ ಶಿಸ್ತಿನ ಬೆಲೆ ತಿಳಿಯುತ್ತದೆ. ಹಾಗಿದ್ದ ಮೇಲೆ ಒಪ್ಪದ ಅಧಿಕಾರಿಗೆ ಉಳಿಯುವ ಏಕೈಕ ಗೌರವದ ದಾರಿ ಸದ್ದಿಲ್ಲದೆ ಹೊರನಡೆಯುವುದು. ಅದನ್ನೂ ವಾಪಸ್ ತೆಗೆದುಕೊಂಡರೆ ಕೈಯಲ್ಲೇನು ಉಳಿಯಿತು? ಮಾವ ಇದನ್ನು ಒಪ್ಪಲಿಲ್ಲ. ಮುಖ್ಯಸ್ಥ ಹೊರನಡೆದರೆ ಕೆಳಗಿನ ಜವಾನರ ಮನಸ್ಸಿಗೆ ಏನಾಗುತ್ತದೆಂದು ಕಾಲೇಜಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ ಎಂದರು. ಅವರು ಹದಿನೇಳು ವರ್ಷ ಕೆಳಗೆ ನಿಂತು ನೋಡಿದವರು. ನನ್ನ ಅಭಿಪ್ರಾಯ ಬದಲಾಗಿಲ್ಲ, ಮೊದಲಿನಷ್ಟು ಗಟ್ಟಿಯಾಗಿಯೂ ಇಲ್ಲ.

1961ರ ಮೇ 7ಕ್ಕೆ 35 ವರ್ಷದ ಸೇವೆ ಮುಗಿಸಿ ತಿಮ್ಮಯ್ಯ ನಿವೃತ್ತರಾದರು. ತಮ್ಮ ನಂತರ ತೊರಾಟ್ ಬರಲಿ ಎಂದು ಅವರು ಬಯಸಿದ್ದರು, ಸರ್ಕಾರ ಥಾಪರ್ ಅವರನ್ನು ನೇಮಿಸಿತು. ಮರುವರ್ಷ ಅಕ್ಟೋಬರ್‌ನಲ್ಲಿ ಚೀನಾ ಯುದ್ಧ. ಅಷ್ಟೊತ್ತಿಗೆ ಅವರು ಕೊಡಗಿನ ಮನೆಯಲ್ಲಿದ್ದರು.

ತೋಟ, ಮನೆ, ಗೌರವ ಎಲ್ಲ ಇದ್ದೂ 1964ರಲ್ಲಿ ವಿಶ್ವಸಂಸ್ಥೆ ಕರೆದಾಗ ಮತ್ತೆ ಹೊರಟರು. ಸೈಪ್ರಸ್ ದ್ವೀಪದಲ್ಲಿ ಗ್ರೀಕರು, ತುರ್ಕಿಯರ ನಡುವೆ ಹೊಡೆದಾಟ, ಅಲ್ಲಿನ ಶಾಂತಿಪಾಲನಾ ಪಡೆಯ ನಾಯಕತ್ವ. ವಯಸ್ಸು 58. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ದೇಹವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯ. 2021ರ ಫೆಬ್ರುವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಕಾಲೇಜಿನ ಪ್ರವಾಸ ಮಡಿಕೇರಿಗೆ ಹೋದರೆ ರಾಜಾಸೀಟಿನಲ್ಲಿ ಸೆಲ್ಫಿ ಮುಗಿಸಿ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.

ಇನ್ನು ನನ್ನ ಲೆಕ್ಕ. ತಿಮ್ಮಯ್ಯನವರ ಬದುಕಿನಿಂದ ಸಿದ್ಧ ಉತ್ತರ ಸಿಗುತ್ತದೆ ಎಂದು ನಾನು ನಂಬುವುದಿಲ್ಲ. ಮಹಾಯುದ್ಧ ನಡೆಯದಿದ್ದರೆ ಅವರ ಮುಂದಿನ ಹತ್ತು ವರ್ಷವೂ ಮೊದಲ ಹತ್ತರಂತೆಯೇ ಕವಾಯತು, ಕಡತದಲ್ಲಿ ಕಳೆಯುತ್ತಿತ್ತೇನೋ. ಉಳಿದವರೆಲ್ಲ ಜನರಲ್ ಆಗುವುದಿಲ್ಲ. ಮಾವನೂ ಉಳಿದವರೇ. ಅಮ್ಮನ ವಾದಕ್ಕೂ ಬಲವಿದೆ. ಕಾಯಂ ಸೇವೆಯಲ್ಲಿ ಮನಸ್ಸು ಬಂದ ದಿನ ಚೀಟಿ ಬರೆದಿಟ್ಟು ಬರಲಾಗದು, ಅವಧಿಗೆ ಮುನ್ನ ಬಿಡಲು ಅನುಮತಿ ಬೇಕು. ಎರಡು ವರ್ಷದ ಬಾಂಡ್ ಕೇಳಿದ ಕಂಪನಿಯನ್ನೇ ನನ್ನ ಗೆಳೆಯರು ಬೇಡ ಎನ್ನುತ್ತಾರೆ. ನಮ್ಮ ಬೀದಿಯ ಹುಡುಗನೊಬ್ಬ ಅಗ್ನಿವೀರನಾಗಿ ಹೋಗಿದ್ದಾನೆ. ಅವನ ಚಿಂತೆ ತಿರುಗಾಮುರುಗಾ: ನಾಲ್ಕು ವರ್ಷವಾದ ಮೇಲೆ ಗರಿಷ್ಠ ಶೇ 25ರಷ್ಟು ಮಂದಿಗೆ ಮಾತ್ರ ಉಳಿಯುವ ಅವಕಾಶ, ಅವನಿಗೆ ಉಳಿಯಲೇ ಬೇಕು. ನಮ್ಮ ತರಗತಿಯ ಹುಡುಗಿಯರಿಗೆ ಟಿಜಿಸಿ ದಾರಿಯೇ ಇಲ್ಲ, ಶಾರ್ಟ್ ಸರ್ವಿಸ್ ಮೂಲಕವೇ ಹೋಗಬೇಕು. ಅವರು ಆಮೇಲೆ ಕಾಯಂ ಆಗಬಹುದು ಎಂಬುದಕ್ಕೂ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬರಬೇಕಾಯಿತು.

ಆದರೂ 1936 ಎಂಬ ಆ ಇಸವಿ ತಲೆಯಿಂದ ಹೋಗುತ್ತಿಲ್ಲ. ಹತ್ತು ವರ್ಷದ ಕೊನೆಗೆ ನಾನು ಎಲ್ಲಿರುತ್ತೇನೋ, ಯಾವುದೋ ಊರಿನಲ್ಲಿ ಯಾವುದೋ ವರ್ಕ್‌ಶಾಪಿನ ದಾಸ್ತಾನು ಲೆಕ್ಕ ಬರೆಯುತ್ತಿರಬಹುದು. ಆ ದಿನದ ಬೇಸರ ನೋಡಿ ಇಡೀ ಬದುಕಿನ ಬಗ್ಗೆ ತೀರ್ಮಾನಿಸುವ ಸಂದರ್ಭ ನನಗೆ ಬೇಡ ಅನಿಸುತ್ತಿದೆ. ಶಾರ್ಟ್ ಸರ್ವಿಸ್‌ನಲ್ಲಿ ಬಾಗಿಲು ತೆರೆದಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸದಾ ತೆರೆದ ಬಾಗಿಲನ್ನು ನೋಡುತ್ತಾ ಕೆಲಸ ಮಾಡುವವನು ನಾನು ಎಂಬುದೂ ನನಗೆ ಗೊತ್ತು. ಪಿಂಚಣಿಯ ಲೆಕ್ಕವೂ ಇದರಲ್ಲಿದೆ, ಅದನ್ನು ಮುಚ್ಚಿಡುವುದೇಕೆ? ಮೂವತ್ತೈದರ ಹೊತ್ತಿಗೆ ಹೊರಬಂದು, ಪಿಂಚಣಿಯಿಲ್ಲದೆ, ನನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ವೈಟ್‌ಫೀಲ್ಡ್‌ನಲ್ಲಿ ಸಂದರ್ಶನದ ಸಾಲಿನಲ್ಲಿ ಕೂರುವ ಧೈರ್ಯ ನನಗಿಲ್ಲ. ನನಗೆ ತೋಟವಿಲ್ಲ.

ಹಾಗಾಗಿ ಅಂತಿಮ ವರ್ಷಕ್ಕೆ ಕಾಲಿಟ್ಟ ಕೂಡಲೇ ಟಿಜಿಸಿಗೆ ಅರ್ಜಿ ಹಾಕುತ್ತೇನೆ. ಪ್ಲೇಸ್‌ಮೆಂಟಿಗೂ ಕೂರುತ್ತೇನೆ, ಏಕೆಂದರೆ ಎಸ್‌ಎಸ್‌ಬಿಯ ಐದು ದಿನಗಳಲ್ಲಿ ಎಷ್ಟು ಮಂದಿ ವಾಪಸ್ ಬರುತ್ತಾರೆ ಎಂದು ಎನ್‌ಸಿಸಿಯ ಸೀನಿಯರ್‌ಗಳಿಂದ ಕೇಳಿದ್ದೇನೆ. ಅಪ್ಪನಿಗೆ ಹೇಳಿದ್ದಾಗಿದೆ. ಅವರು ತಲೆಯಾಡಿಸಿ, ಮೊದಲು ಉಳಿದಿರುವ ಒಂದು ಬ್ಯಾಕ್‌ಲಾಗ್ ಮುಗಿಸು ಎಂದರು. ಮಾವ ಬೆಳಗಿನ ಐದಕ್ಕೆ ಫೋನ್ ಮಾಡಿ ಓಡಲು ಎದ್ದಿದ್ದೇನೆಯೇ ಎಂದು ವಿಚಾರಿಸುತ್ತಾರೆ, ನೈಟ್ ಶಿಫ್ಟ್ ಮುಗಿಯುವ ಹೊತ್ತು ಅವರಿಗೆ ಅದು. ಪೀಣ್ಯದ ರಸ್ತೆಗಳಲ್ಲಿ ಲಾರಿಗಳು ಶುರುವಾಗುವ ಮುಂಚೆ ಐದು ಕಿಲೊಮೀಟರ್ ಆಗುತ್ತದೆ. ಅಮ್ಮನಿಗೆ ಓಟದ ವಿಷಯ ಗೊತ್ತು, ಅರ್ಜಿಯದು ಇನ್ನೂ ಇಲ್ಲ. ನಮ್ಮ ಮನೆಗೆ ಈ ಪತ್ರಿಕೆ ಬರುತ್ತದೆ.